ಮೂರು ದೇಶಕ್ಕೆ ಕಟ್ಟಿದ ಗಂಟು

ಶಂಕ್ರಪ್ಪನ ಅಡತಿ ಅಂಗಡಿಯ ತಕ್ಕಡಿಯ ಮೇಲೆ ಖಾಲಿ ಟ್ರಂಕೇ ಒಂಬತ್ತು ಕಿಲೋ ತೂಗಿತು. ಹೊಳಬಸಪ್ಪ ನಂಬದೆ ಇನ್ನೊಮ್ಮೆ ತೂಗಿಸಿದ. ತಕ್ಕಡಿ ಅವನ ಮುಖ ನೋಡಿ ಮಾತು ಬದಲಿಸಲಿಲ್ಲ. ವಿಮಾನದಲ್ಲಿ ಒಬ್ಬರಿಗೆ ಇಪ್ಪತ್ತೇ ಕಿಲೋ ಅಂತ ಹುಬ್ಬಳ್ಳಿಯಿಂದ ಬಂದಿದ್ದ ಸರಕಾರಿ ಸಾಹೇಬರು ಹೇಳಿಹೋಗಿದ್ದರು. ಮದುವೆಯಲ್ಲಿ ಬಂದ ಟ್ರಂಕನ್ನು ಹೆಗಲ ಮೇಲೆ ಹೊತ್ತು ಅವನು ಮನೆಗೆ ವಾಪಸಾದ.

ಅದು ಎಂಬತ್ತೆರಡನೆಯ ಇಸವಿ. ಇಂಗ್ಲೆಂಡು, ಫ್ರಾನ್ಸು, ಜರ್ಮನಿ ಮೂರೂ ಕಡೆ ನಮ್ಮ ದೇಶದ ನೇಕಾರರನ್ನು ಕೂಡಿಸಿ, ಜನರೆದುರು ನೇಯಿಸಿ ತೋರಿಸುವುದೆಂದು ಸರಕಾರ ಗೊತ್ತುಮಾಡಿತ್ತು. ಇಳಕಲ್ಲಿನಿಂದ ಒಬ್ಬರಿಗೆ ಕರೆ. ಹೊಳಬಸಪ್ಪನ ಸೀರೆ ಸಾಹೇಬರ ಮನಸ್ಸಿಗೆ ಬಂದಿತ್ತು. ಪಾಸ್‌ಪೋರ್ಟಿನ ಅರ್ಜಿಯನ್ನೇ ಇನ್ನೂ ಬರೆದಿರಲಿಲ್ಲ, ಅದಕ್ಕೆ ಸಾಹೇಬರು ಸೋಮವಾರ ಬರುವವರಿದ್ದರು. ಆದರೆ ಹೊಳಬಸಪ್ಪ ಮೊದಲಿಂದಲೂ ಹೀಗೇ. ಹುನಗುಂದಕ್ಕೆ ಹೋಗಬೇಕೆಂದರೂ ಬಸ್ಸು ಬರುವುದಕ್ಕೆ ಎಷ್ಟೋ ಹೊತ್ತು ಮುಂಚೆ ಸ್ಟ್ಯಾಂಡಿನಲ್ಲಿ ಕೂತು, ಬಸ್ಸಿಗೇ ತಡವಾಯಿತೆಂದು ಬೈಯುವ ಮನುಷ್ಯ. ಇನ್ನು ಮೂರು ದೇಶವೆಂದರೆ ಕೇಳಬೇಕೆ?

ಗಂಟು ಕಟ್ಟುವ ಬುದ್ಧಿ ಹೇಳಲು ದಸ್ತಗೀರಸಾಬ ಬಂದ. ಇವರ ರೇಷ್ಮೆಗೆ ಬಣ್ಣ ಹಾಕಿಕೊಡುವವನು ಅವನೇ. ಹಡಗು ಹತ್ತಿ ಹಜ್‌ಗೆ ಹೋಗಿಬಂದವನಾದ್ದರಿಂದ ಓಣಿಯಲ್ಲಿ ಪರದೇಶದ ಮಾತಿಗೆಲ್ಲ ಅವನೇ ಮುಖ್ಯಸ್ಥ. ಟ್ರಂಕು ಬೇಡ, ದಪ್ಪ ಬಟ್ಟೆಯ ಚೀಲ ಹೊಲಿಸು. ಧೋತರ ಮಡಚಬೇಡ, ಸುರುಳಿ ಸುತ್ತು. ಭಾರದ ಕೋಟು ಮೈಮೇಲೇ ಇರಲಿ, ಮೈಮೇಲಿದ್ದುದನ್ನು ಯಾರೂ ತೂಗುವುದಿಲ್ಲ ಎಂದ. ಚೀಲ ಬಂತು. ಲಾಳಿ ಒಳಗೆ ಹೋಯಿತು, ವಿಭೂತಿ ಗಟ್ಟಿ ಹೋಯಿತು, ಕಟಕ ರೊಟ್ಟಿಯ ಗಂಟು ಹೋಯಿತು, ಅದಕ್ಕೆ ನಂಜಿಕೊಳ್ಳುವ ಶೇಂಗಾ ಹಿಂಡಿ ಹೋಯಿತು. ಹಿಂಡಿಯನ್ನು ಒಮ್ಮೆ ಹೊರಗೆ ತೆಗೆದು, ಮನಸ್ಸು ತಡೆಯದೆ ಮತ್ತೆ ಒಳಗಿಟ್ಟ.

ಹೆಂಡತಿ ಗುರುಸಿದ್ದವ್ವ ಲಾಳಿಯ ಕಂಡಿಕೆಗೆ ನೂಲು ಸುತ್ತುತ್ತ ಎಲ್ಲವನ್ನೂ ನೋಡುತ್ತಿದ್ದಳು. ಅವಳು ಕಂಡ ದೂರದ ಊರೆಂದರೆ ಬಾದಾಮಿ, ಅದಲ್ಲದೆ ಒಂದು ಸಲ ಅದರ ಹತ್ತಿರದ ಶಿವಯೋಗ ಮಂದಿರ. ಆದರೆ ಅವಳ ಪ್ರಶ್ನೆಗಳು ಆಗಲೇ ಸಮುದ್ರ ದಾಟಿದ್ದವು. ಅಲ್ಲಿಯ ನೀರು ಎಂಥದ್ದು, ಚಳಿಗೆ ಗಂಜಿ ಹಚ್ಚಿದ ನೂಲು ಗಡಸಾಗುತ್ತದೆಯೋ ಏನೋ, ಒಂದು ದೇಶ ಮುಗಿದು ಇನ್ನೊಂದು ಹತ್ತಿದ್ದು ಹೇಗೆ ಗೊತ್ತಾಗುತ್ತದೆ ಎಂದೆಲ್ಲ ಕೇಳುತ್ತಿದ್ದಳು. ಮಗ್ಗದ ಕೆಳಗೆ ಕಾಲು ಇಳಿಬಿಡುವ ಕುಣಿ ಅಲ್ಲಿ ಯಾರು ತೋಡಿಕೊಡುತ್ತಾರೆ ಎಂದದ್ದಕ್ಕೆ, ಅಲ್ಲಿ ನೆಲ ಅಗೆಯಲು ಬಿಡುವುದಿಲ್ಲ, ಎತ್ತರದ ಹಲಗೆಯ ಮೇಲೆ ಮಗ್ಗ ಕೂಡಿಸುತ್ತಾರಂತೆ ಎಂದ ಹೊಳಬಸಪ್ಪ. ಅವಳು ಬಹಳ ಹೊತ್ತು ಆ ಮಗ್ಗವನ್ನೇ ಕಣ್ಣ ಮುಂದೆ ತಂದುಕೊಂಡು ಕೂತಳು. ಅವಳಿಗೂ ಹೋಗಬೇಕೆನಿಸಿತ್ತು. ಆದರೆ ಅಂಥ ಆಸೆಯನ್ನು ಬಾಯಿಬಿಟ್ಟು ಹೇಳುವ ರೂಢಿ ಆ ಮನೆಯಲ್ಲಿರಲಿಲ್ಲ.

"ಮೂರು ದೇಶಕ್ಕ ಮೂರು ಸೀರಿ ಅಲ್ರಿ? ಮೂರಕ್ಕೂ ಈಗ ಕೊಂಡಿ ಹಾಕಿ ಸುತ್ತಿ ಕೊಡ್ತೇನಿ" ಎಂದಳು.

ಹೊಳಬಸಪ್ಪ ಚೀಲದ ಬಾಯಿ ಬಿಗಿಯುತ್ತಿದ್ದವನು ಕೈ ನಿಲ್ಲಿಸಿದ. ಮಗ್ಗಕ್ಕೆ ಉದ್ದಕ್ಕೂ ಬಿಗಿಯುವ ಎಳೆಗಳ ಹಾಸು ಇಳಕಲ್ ಸೀರೆಯ ಮೈಗೇ ಬೇರೆ, ಸೆರಗಿಗೇ ಬೇರೆ. ಮೈಯ ಹತ್ತಿ ಎಳೆಯ ಒಂದೊಂದು ಕುಣಿಕೆಗೂ ಸೆರಗಿನ ಕೆಂಪು ರೇಷ್ಮೆಯ ಕುಣಿಕೆ ಸಿಕ್ಕಿಸಿ ಕೊಂಡಿ ಹಾಕಿದಾಗಲೇ ಎರಡೂ ಸೇರಿ ಒಂದು ಸೀರೆ. ಆ ಕೆಲಸ ಹೆಂಗಸರದು. ಓಣಿಯ ಗಂಡಸರು ಅದನ್ನು ಕೆಲಸವೆಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಇದನ್ನು ಯಾರು ಮಾಡುತ್ತಾರೆಂದು ಸಾಹೇಬರು ಕೇಳಿದಾಗ ಹೊಳಬಸಪ್ಪ ಹೇಳಿದ್ದು, "ಅದೇನ್ರಿ, ಮನ್ಯಾಗ ಆಗ್ತೈತಿ." ಸಾಹೇಬರು ಅದನ್ನು ಅವನದೇ ಕೆಲಸವೆಂದು ತಿಳಿದು, ಅಲ್ಲಿಯ ಜನ ನೋಡಬೇಕೆನ್ನುವುದೇ ಅದನ್ನು, ದಿನಾ ಎದುರಿಗೇ ಮಾಡಿ ತೋರಿಸಬೇಕು ಎಂದಿದ್ದರು. ಇವನು ಹೂಂ ಅಂದಿದ್ದ.

ಈಗ ಅದನ್ನೆಲ್ಲ ಹೆಂಡತಿಗೆ ಹೇಳಿದ. ಗುರುಸಿದ್ದವ್ವ ನಗಲಿಲ್ಲ, ಸಿಟ್ಟಾಗಲೂ ಇಲ್ಲ. "ಕೂಡ್ರಿ, ಕಲಿಸ್ತೇನಿ" ಎಂದಳು.

ಇಳಕಲ್ಲಿನ ನೇಕಾರರ ಓಣಿಯಲ್ಲಿ ಹಗಲು ಬಾಗಿಲು ಮುಚ್ಚಿದರೆ ಮನೆಯಲ್ಲಿ ಯಾರಿಗೋ ಕೇಡಾಗಿದೆ ಎಂದೇ ಅರ್ಥ. ಹೊಳಬಸಪ್ಪ ಬಾಗಿಲು ಮುಚ್ಚಿ ಕೂತ. ಜನ ಬಂದು ಬಂದು, ಆರಾಮ ಇದ್ದೀರೋ ಇಲ್ಲವೋ ಎಂದು ಬಾಗಿಲು ಬಡಿದು ಕೇಳಿಹೋದರು. ಒಳಗೆ ಅವನ ಪಾಡು ನೋಡುವಂತಿರಲಿಲ್ಲ. ಲಾಳಿ ಹೊಡೆದು ದಡ್ಡುಗಟ್ಟಿದ ಬೆರಳಿಗೆ ರೇಷ್ಮೆ ಸಿಕ್ಕಿಕೊಳ್ಳುತ್ತಿತ್ತು. ಒಂದು ಕುಣಿಕೆ ಹಿಡಿದರೆ ಹಿಂದಿನ ನಾಲ್ಕು ಬಿಚ್ಚುತ್ತಿದ್ದವು. ಅವಳು ಬೇರೆಲ್ಲೋ ನೋಡುತ್ತಿದ್ದರೂ ಅವಳ ಬೆರಳುಗಳು ಮಾತ್ರ ಓಡುತ್ತಿದ್ದವು. ಇಷ್ಟು ವರ್ಷ ತನ್ನ ಬೆನ್ನ ಹಿಂದೆಯೇ ನಡೆದ ಈ ಕೆಲಸವನ್ನು ಅವನು ಈಗ ಮಗ್ಗುಲಲ್ಲಿ ಕೂತು ನೋಡಿದ. ನೋಡಿದಷ್ಟೂ ಅವನಿಗೆ ಸೋಜಿಗವಾಯಿತು, ನಾಚಿಕೆಯೂ ಆಯಿತು. ಬಣ್ಣದ ರೇಷ್ಮೆ ಕೊಡಲು ಬಂದ ದಸ್ತಗೀರಸಾಬ ಸಿಕ್ಕುಗಟ್ಟಿದ ಹಾಸನ್ನು ಕಂಡು, ಈ ಸೀರೆಯನ್ನು ಯಾವ ದೇಶದವರು ಉಡಬೇಕು ಮಾರಾಯ ಎಂದು ಕೇಳಿಹೋದ.

ಸೋಮವಾರ ಸಾಹೇಬರು ಬಂದರು. ಜೀಪಿನ ಹಿಂದೆ ಅರ್ಧ ಓಣಿಯೇ ಬಂದು ಕಟ್ಟೆಗೆ ನಿಂತಿತು. ಸಾಹೇಬರು ಅರ್ಜಿ ಬಿಚ್ಚಿ, ಪೆನ್ನಿನ ಟೊಪ್ಪಿಗೆ ತೆಗೆದು, ಪೂರ್ತಿ ಹೆಸರು ಹೇಳೆಂದರು. ಹೊಳಬಸಪ್ಪ ಮೂಲೆಯಲ್ಲಿ ಬಾಯಿ ಕಟ್ಟಿಸಿಕೊಂಡು ಕೂತಿದ್ದ ತನ್ನ ಚೀಲವನ್ನು ನೋಡಿದ. ಹೊರಗೆ ನಿಂತ ಜನರನ್ನೂ ನೋಡಿದ.

"ಗುರುಸಿದ್ದವ್ವ ಅಂತ ಬರಕೋರ್ರಿ."

ಸಾಹೇಬರು ತಲೆ ಎತ್ತಿ, ಅವರಿಗೆ ನೇಯಲು ಬರುತ್ತದೆಯೇ ಎಂದರು.

"ಲಾಳಿ ನನಗಿಂತ ಒಂದೀಟ ಸಾವಕಾಶ ಹೊಡೀತಾಳ್ರಿ. ಕೊಂಡಿ ಮಾತ್ರ ಆಕೀನ ಹಾಕ್ತಾಳ. ನನಗ ಬರಂಗಿಲ್ಲ."

ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ಚಹಾದ ಕಪ್ಪು ಹಿಡಿದು ಬಂದ ಗುರುಸಿದ್ದವ್ವ ಒಳಬಾಗಿಲಲ್ಲೇ ನಿಂತುಬಿಟ್ಟಳು. ಅವಳಿಗೆ ಬಹಳ ಅಂಜಿಕೆಯಾಗಿತ್ತು, ಅದಕ್ಕಿಂತ ಹೆಚ್ಚು ಸಂತೋಷವಾಗಿತ್ತು. ಕಪ್ಪು ಕೆಳಗಿಟ್ಟು, ಕೈ ಸೆರಗಿಗೆ ಒರೆಸಿಕೊಂಡು ಬಂದು, ಸಾಹೇಬರು ಬೆರಳಿಟ್ಟು ತೋರಿಸಿದಲ್ಲಿ ನಿಧಾನವಾಗಿ ಸಹಿ ಮಾಡಿದಳು.

ಜೀಪು ಹೋದ ಮೇಲೆ ಅವಳು ಚೀಲದ ಗಂಟು ಬಿಚ್ಚಿದಳು. ಗಂಡನಿಗಿದ್ದ ಚಾಳಿಯೇ ತನಗೂ ಹತ್ತಿತು ನೋಡು ಎಂದು ತಾನೇ ನಕ್ಕಳು. ಅವನ ಧೋತರಗಳನ್ನು ತೆಗೆದಿಟ್ಟು ತನ್ನ ಸೀರೆಗಳನ್ನು ಸುರುಳಿ ಸುತ್ತತೊಡಗಿದಳು. ಹಿಂಡಿಯ ಡಬ್ಬಿಯನ್ನು ಅಲುಗಿಸಲಿಲ್ಲ. ಮಗ್ಗದ ಮೇಲಿನ ಸೀರೆಯ ಮೈ ಮುಗಿದು, ಸೆರಗಿನ ಕೆಂಪು ಹಾಸು ಪಕ್ಕದಲ್ಲಿ ಕಾಯುತ್ತಿತ್ತು. ಅವಳು ಅದರ ಕಡೆ ಹೋಗಲಿಲ್ಲ. ಹೊಳಬಸಪ್ಪನೇ ಎದ್ದು, ಮುಚ್ಚಿದ್ದ ಒಂದು ಕದವನ್ನೂ ಪೂರ್ತಿ ತೆರೆದು, ಓಣಿಗೆ ಕಾಣುವಂತೆ ಹಾಸಿನ ಮುಂದೆ ಕುಕ್ಕರಗಾಲಲ್ಲಿ ಕೂತ. ಒಂದು ಕುಣಿಕೆ, ಇನ್ನೊಂದು ಕುಣಿಕೆ ಎಂದು ಬೆರಳು ಆಡಿಸಿದ.

"ಹಿಂದೊಂದು ಎಳಿ ಬಿಟ್ರಿ" ಎಂದಳು ಗುರುಸಿದ್ದವ್ವ, ಸೀರೆ ಸುತ್ತುತ್ತಲೇ.

ಅವನು ಬಗ್ಗಿ, ಬಿಟ್ಟ ಎಳೆಯನ್ನು ಹುಡುಕತೊಡಗಿದ.