ಬೀಡಿ ಇದ್ದವರಿಗೆ ಬಿಡುವು

ಮಣ್ಣೂರಿನ ಜಗದೇವಪ್ಪ ಸಾಹುಕಾರರ ಪಡಸಾಲೆಯಲ್ಲಿ ಒಂದು ಹಿತ್ತಾಳೆ ಬಟ್ಟಲಿತ್ತು. ಬೆಳಿಗ್ಗೆ ಅಲ್ಲಿ ಕಸ ಗುಡಿಸಿ ಆಮೇಲೆ ಅವರ ಹೊಲದ ಕೆಲಸಕ್ಕೆ ಹೋಗುವ ಭಾಗ್ಯಜ್ಯೋತಿಗೆ ಅದರ ಹಳೆಯ ಚರಿತ್ರೆಯೆಲ್ಲ ಗೊತ್ತು. ಒಂದು ಕಾಲಕ್ಕೆ ಅದರ ತುಂಬ ಸಿಗರೇಟಿನ ಬೂದಿ. ಆಗ ಪಡಸಾಲೆಯಲ್ಲಿ ಸಾಹುಕಾರರು, ಅಂಗಳದಲ್ಲಿ ಆಳುಗಳು, ಎಲ್ಲರೂ ಹೊಗೆ ಬಿಡುವವರೇ. ಅದೊಂದರಲ್ಲಾದರೂ ಸಮಾನತೆ ಇತ್ತು. ಸೊಲ್ಲಾಪುರದ ಡಾಕ್ಟರು ಎದೆಯ ಎಕ್ಸ್‌ರೇ ತೋರಿಸಿ ಹೆದರಿಸಿದ್ದೇ ತಡ, ಸಾಹುಕಾರರು ಸಿಗರೇಟು ಬಿಟ್ಟರು. ಮಗ ಸಂಜುಕುಮಾರ ಅದನ್ನು ಮುಟ್ಟಲೇ ಇಲ್ಲ. ಅದೇ ಬಟ್ಟಲಲ್ಲಿ ಈಗ ವಿಭೂತಿಗಟ್ಟಿ! ನೋಡಿದಾಗಲೆಲ್ಲ ಭಾಗ್ಯಜ್ಯೋತಿಗೆ ನಗು ಬರುತ್ತಿತ್ತು, ಒಳ್ಳೆಯ ನಗುವಲ್ಲ.

ಏಕೆಂದರೆ ಕಬ್ಬಿನ ಹೊಲದ ಆಳುಗಳಿಗೆ ಸಾಹುಕಾರರ ಮನೆಯಿಂದ ಬೀಡಿಕಟ್ಟು ಹೋಗುವುದು ನಿಂತಿರಲಿಲ್ಲ. ಅದು ಸಾಹುಕಾರರ ಅಪ್ಪನ ಕಾಲದಿಂದ ಬಂದ ಪದ್ಧತಿ. ಬೀಡಿ ಹಚ್ಚಿದವನು ಅದು ಮುಗಿಯುವ ತನಕ ಬದುವಿನ ಮೇಲೆ ಕೂರಬಹುದು. ಬರಿಗೈಯಲ್ಲಿ ಕೂತವನು ಮೈಗಳ್ಳ. ಹೆಂಗಸರಿಗೆ ಬೀಡಿಯೂ ಇಲ್ಲ, ಬಿಡುವೂ ಇಲ್ಲ. ಭಾಗ್ಯಜ್ಯೋತಿಯ ಗಂಡ ಅಂಬಾರಾಯ ಬೀಡಿ ಕಲಿತದ್ದೇ ಹೀಗೆ, ನೋಯುವ ಸೊಂಟಕ್ಕೆ ಕೂರಲು ನೆಪ ಬೇಕಾಗಿ.

ಅವನು ಕೆಮ್ಮಿದಾಗ ರಕ್ತ ಬಿದ್ದ ದಿನ ಅವಳು ಬೀಡಿಕಟ್ಟನ್ನು ಒಲೆಗೆ ಹಾಕಿದಳು. ಮರುದಿನ ಹೊಲದಲ್ಲಿ ಅಂಬಾರಾಯ ಬರಿಗೈಯಲ್ಲಿ ಕೂತ.

“ಯಾಕಲೇ ಕುಂತಿ?” ಎಂದರು ಸಾಹುಕಾರರು.

“ದಮ್ ಹತ್ಯಾದ್ರಿ ಧಣಿ,” ಅಂಬಾರಾಯ ಏದುಸಿರು ಬಿಟ್ಟ.

“ಹತ್ತಿದ್ರ ಒಂದು ಬೀಡಿ ಸೇದು. ಇಲ್ಲಂದ್ರ ಏಳು.”

ಕಬ್ಬು ಕಡಿಯುತ್ತಿದ್ದ ಭಾಗ್ಯಜ್ಯೋತಿ ಕೈಯಲ್ಲಿನ ಕೊಯ್ತಾ ಕತ್ತಿ ನಿಲ್ಲಿಸಿ ಕೇಳಿದಳು: “ನೀವು ಬಿಟ್ಟೀರಲ್ರಿ, ಅವ್ರಿಗಿ ಯಾಕ ಕೊಡ್ತೀರಿ?”

“ನಮ್ದು ಕುಂತು ಉಣ್ಣೋ ಮೈ ಬೇ, ತಡೀಲಿಲ್ಲ. ನಿಮ್ದು ದುಡಿಯೋ ಮೈ. ಹೊಗಿ ನಿಮಗೇನ್ ಮಾಡ್ತದ?”

“ಎದಿ ಎಲ್ಲಾರ್ದೂ ಒಂದೇ ಅಲ್ರಿ?”

“ಭಾಳ ಶಾಣ್ಯಾ ಆಗೀದಿ. ಕಬ್ಬು ಕಡಿ.”

ಅಂಬಾರಾಯ ಹೆಂಡತಿಯ ಮುಖ ನೋಡದೆ ಹೊಲಕ್ಕೆ ಬಂದ ಕಟ್ಟಿನಿಂದ ಒಂದು ಬೀಡಿ ತೆಗೆದು ಹಚ್ಚಿದ. ಸಾಹುಕಾರರು ಮಹಾ ಉಪಕಾರ ಮಾಡಿದವರಂತೆ ತಲೆಯಾಡಿಸಿ, ಹೊಗೆ ತಮ್ಮ ಕಡೆ ಬರದಂತೆ ದೂರ ಸರಿದು ನಿಂತರು.

ಕಬ್ಬಿನ ಹಂಗಾಮು ಮುಗಿಯುವ ಮೊದಲೇ ಅಂಬಾರಾಯ ತೀರಿಕೊಂಡ.

ಸತ್ತವರಿಗೆ ಪ್ರಿಯವಾದದ್ದನ್ನು ಮೂರನೆಯ ದಿನ ಮಣ್ಣು ಮಾಡಿದ ಜಾಗದಲ್ಲಿ ಎಡೆ ಇಡುವುದು ರೂಢಿ. ಸಾಹುಕಾರರು ದೊಡ್ಡ ಮನಸ್ಸು ಮಾಡಿ ತಾವೇ ಬಂದರು. ಕೈಯಲ್ಲಿ ಹೊಸ ಬೀಡಿಕಟ್ಟು.

“ಇಡು ಬೇ. ಅಂವಗ ಭಾಳ ಇಷ್ಟ ಇತ್ತು.”

ಭಾಗ್ಯಜ್ಯೋತಿ ಕೈ ಚಾಚಲಿಲ್ಲ.

“ಅವ್ರಿಗಿ ಬೀಡಿ ಇಷ್ಟ ಇರಲಿಲ್ರಿ ಧಣಿ. ಕುಂದ್ರೂದು ಇಷ್ಟ ಇತ್ತು.”

ಸುತ್ತ ನಿಂತವರು ಯಾರೂ ಆ ಕಟ್ಟನ್ನು ಈಸಿಕೊಳ್ಳಲಿಲ್ಲ. ಸಾಹುಕಾರರು ಅದನ್ನು ತಮ್ಮ ಬಿಳಿ ಅಂಗಿಯ ಜೇಬಿಗೇ ತುರುಕಿಕೊಂಡು ಹೋದರು.

ಮತ್ತೆ ಕೆಲಸಕ್ಕೆ ಹೋದ ದಿನ ಅವಳು ನಡುಮಧ್ಯಾಹ್ನ ಕೊಯ್ತಾ ಕೆಳಗಿಟ್ಟು ಬದುವಿನ ಮೇಲೆ ಕೂತಳು. ಪಕ್ಕದ ಸಾಲಿನ ಹೆಂಗಸರೂ ಬಂದು ಕೂತರು. ಅಲ್ಲೇ ಬೀಡಿ ಸೇದುತ್ತ ಕೂತಿದ್ದ ಆಳು ಇಮಾಮಸಾಬ ಅದನ್ನು ಮಣ್ಣಿಗೆ ಒತ್ತಿ ಆರಿಸಿದ, ಆದರೆ ಏಳಲಿಲ್ಲ.

“ಏನ್ ನಡಿಸೀರಿ ಇದು?” ಸಾಹುಕಾರರು ದೂರದಿಂದಲೇ ಕೂಗಿದರು.

ಭಾಗ್ಯಜ್ಯೋತಿ ತನ್ನ ಎರಡೂ ಬರಿಗೈಗಳನ್ನು ಎತ್ತಿ ತೋರಿಸಿದಳು.

“ದಮ್ ತಗೊಳ್ಳಾಕತ್ತೇವ್ರಿ.”