ಮೇಜಿನ ಮೇಲಿದ್ದ ಚುರುಕು ಕಂಪ್ಯೂಟರ್

ನಾನೊಂದು ಕಂಪ್ಯೂಟರ್. ಹಣೆಯ ಮೇಲೆ ಹೊರದೇಶದ ಕಂಪನಿಯ ಹೆಸರಿದೆ. ಹುಟ್ಟಿದ್ದು ಮಾತ್ರ ಚೀನಾದಲ್ಲೇ, ಸಮುದ್ರದಂಚಿನ ಕಾರ್ಖಾನೆಯೊಂದರಲ್ಲಿ. ಅಲ್ಲಿಂದ ಚೆಂಗ್ಡು ನಗರದ ಕಂಪ್ಯೂಟರ್ ಪೇಟೆಗೆ ಬಂದೆ. ನನ್ನ ಒಡಹುಟ್ಟಿದವರೆಲ್ಲ ಡಬ್ಬದಲ್ಲೇ ಉಳಿದರು. ನನ್ನೊಬ್ಬನನ್ನು ಬಿಚ್ಚಿ, ಗಿರಾಕಿಗಳು ಮುಟ್ಟಿ ನೋಡಲೆಂದು ಅಂಗಡಿಯ ಮೇಜಿನ ಮೇಲೆ ಇಟ್ಟರು.

ಎದುರಂಗಡಿಯಲ್ಲಿ ಇನ್ನೊಂದು ಹೊರದೇಶದ ಕಂಪನಿಯ ಮಾಲು. ಅವರು ಬೆಳಿಗ್ಗೆ ಬೆಲೆ ಇಳಿಸಿದರೆ ನಮ್ಮವರು ಮಧ್ಯಾಹ್ನ ಇಳಿಸುತ್ತಿದ್ದರು. ಇಳಿಸಿ ಇಳಿಸಿ ಇನ್ನು ಜಾಗವೇ ಇಲ್ಲವೆಂದಾದಾಗ ಡಬ್ಬದೊಳಗಿನ ಸಾಮಾನು ಕಡಿಮೆಯಾಯಿತು. ಕೆಲಸ ಚುರುಕಾಗಿಸುವ ಮೆಮೊರಿ ಪಟ್ಟಿ ಮೊದಲು ಎರಡಿದ್ದದ್ದು ಹೊಸ ಸರಕಿನಲ್ಲಿ ಒಂದೇ ಆಯಿತು. ನನ್ನೊಳಗೆ ಮಾತ್ರ ಎರಡೂ ಇದ್ದವು. ಅಂಗಡಿ ಮಾಲೀಕ ಷಾವ್ ಅವನ್ನು ಹಾಗೇ ಬಿಟ್ಟ. "ಜನ ನೋಡೋದು ಇದನ್ನೇ ತಾನೇ?" ಎಂದ.

ಮಾರುವ ಹುಡುಗಿ ಯೂಲಾನ್‌ಗೆ ಇದು ಗೊತ್ತಿತ್ತು. ಗೊತ್ತಿದ್ದೂ ಸುಮ್ಮನಿದ್ದಳು.

ಒಂದು ದಿನ ಗುಯಿಫೆನ್ ಎಂಬ ಹೆಂಗಸು ಬಂದಳು. ಓಣಿಯಲ್ಲಿ ಸಣ್ಣ ಫೋಟೊ ಅಂಗಡಿ ಇಟ್ಟವಳು. ಮೊದಲ ಸಲ ಅವಳಿಗೆ ಮದುವೆಯ ಆಲ್ಬಮ್ ಮಾಡುವ ಕೆಲಸ ಸಿಕ್ಕಿತ್ತು. ಎದುರಂಗಡಿಯ ಬೆಲೆ ಹೇಳಿ ಚೌಕಾಸಿ ಮಾಡಿದಳು. ಸಾಲದೆಂದು ಒಂದು ಮೌಸ್ ಪುಕ್ಕಟೆ ಕೇಳಿದಳು. ಆಮೇಲೆ ನನ್ನ ಮೇಲೆ ಕೈಯಿಟ್ಟು, "ಡಬ್ಬದಲ್ಲಿರೋದೂ ಹೀಗೇ ಓಡುತ್ತಾ ತಂಗಿ?" ಎಂದಳು.

"ಹೀಗೇ ಅಕ್ಕ," ಎಂದಳು ಯೂಲಾನ್, ನನ್ನ ಕಡೆ ನೋಡದೆ. ನಾನು ಪಟಪಟನೆ ಚಿತ್ರ ತೋರಿಸಿದೆ. ಆ ಚುರುಕೇ ಸುಳ್ಳಾಗಿತ್ತು.

ವಾರದೊಳಗೆ ಗುಯಿಫೆನ್ ತಾನು ಕೊಂಡಿದ್ದ ಯಂತ್ರವನ್ನು ಹೊತ್ತುಕೊಂಡು ಮತ್ತೆ ಬಂದಳು. ಜಗಳಕ್ಕಲ್ಲ.

"ನನ್ನ ಕೈಯೇ ಜಡ ಕಣೇ. ಎರಡು ಫೋಟೊ ತೆರೆದರೆ ನಿಂತೇಬಿಡುತ್ತೆ. ಸರಿಯಾಗಿ ಒತ್ತೋದು ಹೇಗೆ, ಕಲಿಸಿಕೊಡು. ನಾಳೆ ಆಲ್ಬಮ್ ಕೊಡದಿದ್ರೆ ಇನ್ಯಾರು ನನಗೆ ಕೆಲಸ ಕೊಡ್ತಾರೆ?"

ಬೈದಿದ್ದರೆ ಯೂಲಾನ್ ತಡೆದುಕೊಳ್ಳುತ್ತಿದ್ದಳೇನೋ. ನನ್ನ ಹೊಟ್ಟೆ ಬಿಚ್ಚಿದಳು, ಎರಡನೆಯ ಪಟ್ಟಿಯನ್ನು ಕಿತ್ತು ಗುಯಿಫೆನ್ ತಂದ ಯಂತ್ರಕ್ಕೆ ಸಿಕ್ಕಿಸಿದಳು.

"ನಿಮ್ಮ ಕೈ ಚೆನ್ನಾಗೇ ಇದೆ ಅಕ್ಕ. ಜಡ ಇದ್ದದ್ದು ನಾವು ಕೊಟ್ಟ ಯಂತ್ರ."

"ಮೊದಲೇ ಹೇಳೋಕೆ ಬಾಯಿರಲಿಲ್ವಾ?" ಎನ್ನುತ್ತಾ ಗುಯಿಫೆನ್ ಯಂತ್ರವನ್ನು ಎತ್ತಿಕೊಂಡು ಹೊರಟುಹೋದಳು. ಯೂಲಾನ್ ನನ್ನ ಹೊಟ್ಟೆ ಮುಚ್ಚಿ ತಿರುಪು ಬಿಗಿದಳು.

ಸಂಜೆ ಗಿರಾಕಿಯೊಬ್ಬ ನನ್ನನ್ನು ಒತ್ತಿ, "ಇದೇನು, ನಿದ್ದೆ ಹೋಗಿದೆಯಾ?" ಎಂದು ನಕ್ಕು ಎದುರಂಗಡಿಗೆ ನಡೆದ. ಷಾವ್‌ಗೆ ಸಂಗತಿ ತಿಳಿಯಿತು. ಯೂಲಾನ್‌ಳನ್ನು ಕೆಲಸದಿಂದ ಬಿಡಿಸಿದ, ನನ್ನನ್ನು ಗೋದಾಮಿನ ಮೂಲೆಗೆ ಹಾಕಿದ.

ವರ್ಷಗಳಾದವು. ನಿಧಾನವೆಂದು ನನ್ನನ್ನು ಯಾರೂ ಮುಟ್ಟುವುದಿಲ್ಲ. ಅದಕ್ಕೆ ನನಗೇನೂ ಬೇಸರವಿಲ್ಲ. ಆದರೆ ನನ್ನನ್ನು ನೋಡಿ, ನಂಬಿ, ಡಬ್ಬ ಹೊತ್ತುಕೊಂಡು ಹೋದವರು ಎಷ್ಟೋ ಜನ. ತಿರುಗಿ ಬಂದವಳು ಗುಯಿಫೆನ್ ಒಬ್ಬಳೇ. ಉಳಿದವರು ಎಲ್ಲೆಲ್ಲೋ ಕೂತು, ಇವತ್ತಿಗೂ ತಮ್ಮ ಕೈಯನ್ನೇ ಬೈದುಕೊಳ್ಳುತ್ತಿರಬಹುದು.