ತೂಗದ ತೊಟ್ಟಿಲು

ನಾನು ಒಂದು ಕಾವು ಪೆಟ್ಟಿಗೆ. ಕೋಳಿಮೊಟ್ಟೆಗೆ ಕಾವು ಕೊಡುವ ಜಾತಿಯಲ್ಲ. ಮನುಷ್ಯರ ಮೈಯಿಂದ ತೆಗೆದ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಜೀವಕೋಶಗಳನ್ನು ಬೆಚ್ಚಗಿಟ್ಟು ಸಾಕುವ ಜಾತಿ. ಓದಿದವರು ಇನ್‌ಕ್ಯುಬೇಟರ್ ಎನ್ನುತ್ತಾರೆ, ಉಳಿದವರು ಬೆಚ್ಚನ ಕಪಾಟು ಎನ್ನುತ್ತಾರೆ. ಹೇಗೆ ಕರೆದರೂ ನನ್ನ ತಕರಾರಿಲ್ಲ. ಬಾಗಿಲು ಮಾತ್ರ ನೆಟ್ಟಗೆ ಹಾಕಿ. ಮನುಷ್ಯರ ಮೈಯಲ್ಲಿ ಎಷ್ಟು ಬಿಸಿಯೋ ಅಷ್ಟೇ ಬಿಸಿ ನನ್ನ ಹೊಟ್ಟೆಯಲ್ಲಿ ಸದಾ ಇರಬೇಕು. ಅರೆತೆರೆದ ಬಾಗಿಲು ಕಂಡರೆ ಈಗಲೂ ನನಗೆ ಮೈಯುರಿಯುತ್ತದೆ.

ಹುಟ್ಟಿದ್ದು ಯಾವುದೋ ಚಳಿ ದೇಶದ ಕಾರ್ಖಾನೆಯಲ್ಲಿ. ಆ ನೆನಪೆಲ್ಲ ಮಸಕು. ಯಾರದೋ ಕೈ ನನ್ನ ತಳದ ತಟ್ಟೆಗೆ ನೀರು ಹೊಯ್ದು ಗುಂಡಿ ಒತ್ತಿತು. ಸ್ವಲ್ಪ ಹೊತ್ತಿಗೆ ಒಳಗೆ ಬೆಚ್ಚನೆಯ ಹಬೆ ಏಳತೊಡಗಿತು, ಅದರ ಜೊತೆಗೇ ನನಗೆ ಎಚ್ಚರವೂ ಆಯಿತು. ಅದನ್ನು ಪೂರಾ ಎಚ್ಚರ ಅನ್ನಬಹುದೋ ಇಲ್ಲವೋ ತಿಳಿಯದು. ಹಬೆ ತುಂಬಿದ ಹೊಟ್ಟೆಯವರಿಗೆ ಸದಾ ಒಂದು ಜೊಂಪು ಇದ್ದೇ ಇರುತ್ತದೆ. ಆಮೇಲೆ ಹಡಗು. ಕತ್ತಲಲ್ಲಿ ನೀರು ನನ್ನನ್ನು ಅತ್ತ ಇತ್ತ ತೂಗುತ್ತಾ ತಂದಿತು. ಆ ತೂಗಾಟ ಎಷ್ಟು ಹಿತವಾಗಿತ್ತೆಂದರೆ, ದಡ ಬಂದಾಗ ನನಗೆ ಬೇಜಾರಾಯಿತು.

ಮೊದಲ ಮನೆ ಹುಬ್ಬಳ್ಳಿಯ ಒಂದು ಆಸ್ಪತ್ರೆ. ಮಕ್ಕಳಾಗದ ಗಂಡಹೆಂಡಿರು ಅಲ್ಲಿಗೆ ಬರುತ್ತಿದ್ದರು. ಅವರ ಮಗುವಾಗಬೇಕಾದ ಚುಕ್ಕೆಯಷ್ಟು ಜೀವ ಕೆಲವು ದಿನ ನನ್ನ ಒಳಗೆ ಇರುತ್ತಿತ್ತು. ನನ್ನನ್ನು ನೆಲಕ್ಕೆ ಹತ್ತಿರ ಇಟ್ಟಿದ್ದರಿಂದ ಹತ್ತಿರ ಬಂದವರಲ್ಲಿ ನಾನು ಕಂಡದ್ದು ಸೀರೆಯ ನಿರಿಗೆ, ಪ್ಯಾಂಟಿನ ತುದಿ, ಚಪ್ಪಲಿ ಬಿಟ್ಟ ಪಾದಗಳು. ಆ ಗಂಡಹೆಂಡಿರು ಕೋಣೆಯ ಬಾಗಿಲ ಗಾಜಿನಾಚೆಯಿಂದಲೇ ನನ್ನತ್ತ ನೋಡಿ ಕೈ ಮುಗಿಯುತ್ತಿದ್ದರು. ಬೆಳೀಲಿ, ಬೆಳೀಲಿ ಎಂದು ತುಟಿ ಅಲ್ಲಾಡುತ್ತಿತ್ತು. ಕೆಲವು ಬೆಳೆದವು, ಆಗ ಪೇಢೆ ಹಂಚುತ್ತಿದ್ದರು. ಬೆಳೆಯದಿದ್ದಾಗ ಹೊರಗಿನ ಕೋಣೆಯಲ್ಲಿ ಅಳು ಕೇಳಿಸುತ್ತಿತ್ತು, ನಾನು ಇನ್ನಷ್ಟು ಬೆಚ್ಚಗಿರಬೇಕಿತ್ತೇನೋ ಎಂದು ಕೊರಗುತ್ತಿದ್ದೆ.

ಒಂದು ದಿನ ನನ್ನ ಜಾತಿಯವಳೇ, ನನಗಿಂತ ಹೊಳಪಿನವಳೊಬ್ಬಳು ಬಂದಳು. ನನ್ನನ್ನು ಧಾರವಾಡದ ಒಂದು ಸಂಶೋಧನಾಲಯಕ್ಕೆ ಕೊಟ್ಟುಬಿಟ್ಟರು. ಅಲ್ಲಿ ನೋಡಿದರೆ ಎಲ್ಲವೂ ತಿರುಗುಮುರುಗು. ನನ್ನೊಳಗೆ ಬಂದು ಕೂತದ್ದು ಯಕೃತ್ತಿನ ಕ್ಯಾನ್ಸರ್ ಗಡ್ಡೆಯ ಕೋಶಗಳು. ಮುಂದೆ ನಿಂತವರೆಲ್ಲ, ಬೆಳೆಯುವುದು ನಿಲ್ಲಲಿ ಎಂದು ಕಾಯುವವರು. ನನಗೇನು, ಬೇಡಿದ್ದಕ್ಕೂ ಬೇಡದ್ದಕ್ಕೂ ಒಂದೇ ಬಿಸಿ ಕೊಟ್ಟುಕೊಂಡು ಕೂತೆ.

ಅಲ್ಲಿನ ನನ್ನ ಒಡತಿ ಡಾಕ್ಟರ್ ಅನ್ನಪೂರ್ಣಾ ಬಡಿಗೇರ. ನೀಲಿ ಕೈಗವಸು, ಬಿಳಿ ಕೋಟು, ಕೋಟಿನ ಕೆಳಗೆ ಇಳಕಲ್ ಸೀರೆಯ ಅಂಚು. ನಾನು ಕೆಳಗಿನಿಂದ ಅವರ ಗದ್ದವನ್ನೇ ಹೆಚ್ಚು ನೋಡಿದವನು. ಯೋಚನೆ ಹತ್ತಿದಾಗ ಆ ಗದ್ದದಲ್ಲಿ ಒಂದು ಗುಳಿ ಬೀಳುತ್ತಿತ್ತು.

ಹೊಸ ವಿದ್ಯಾರ್ಥಿಗಳು ಬಂದರೆ ಅವರು ನನ್ನ ಪಕ್ಕದಲ್ಲೇ ನಿಂತು ಪಾಠ ಶುರು ಮಾಡುತ್ತಿದ್ದರು. ಯಕೃತ್ತನ್ನು ಅರ್ಧ ಕತ್ತರಿಸಿದರೂ ಅದು ಮತ್ತೆ ಬೆಳೆಯುತ್ತದೆ. ಎಷ್ಟು ಬೇಕೋ ಅಷ್ಟಾದ ಕೂಡಲೇ ತಾನಾಗಿ ನಿಲ್ಲುತ್ತದೆ. ನಿಲ್ಲು ಎಂದು ಹೇಳುವವರು ಯಾರು? ಕೋಶಗಳು ಒಂದಕ್ಕೊಂದು ಸಂದೇಶ ಕಳಿಸುತ್ತವೆ. ಆ ಸಂದೇಶಕ್ಕೆ ಉದ್ದನೆಯ ಇಂಗ್ಲಿಷ್ ಹೆಸರಿದೆ. ಅನ್ನಪೂರ್ಣಾ ಅದನ್ನು ಕನ್ನಡದಲ್ಲಿ ಒಂದೇ ಮಾತಿನಲ್ಲಿ ಹೇಳುತ್ತಿದ್ದರು: ಸಾಕು. ರೋಗ ಹಿಡಿದ ಯಕೃತ್ತಿನಲ್ಲೂ ಅದೇ ಸಂದೇಶ ಓಡಾಡುತ್ತದೆ, ಆದರೂ ಗಡ್ಡೆ ಬೆಳೆಯುತ್ತಲೇ ಹೋಗುತ್ತದೆ. ಸಾಕು ಅಂದದ್ದು ಯಾಕೆ ಕೇಳಿಸುವುದಿಲ್ಲ ಎಂಬುದೇ ಅವರ ಪ್ರಶ್ನೆ.

ಆ ಪ್ರಶ್ನೆ ಒಂದು ದಿನ ಅವರ ಮನೆಗೇ ಬಂತು. ಅವರ ಕಾಕಾ ಮೌನೇಶಪ್ಪನ ಯಕೃತ್ತಿನಲ್ಲಿ ಗಡ್ಡೆ ಕಾಣಿಸಿತು. ಮೌನೇಶಪ್ಪ ಕಲಘಟಗಿಯಲ್ಲಿ ಬಣ್ಣದ ತೊಟ್ಟಿಲು ಮಾಡುವವರು. ಊರಿಗೆಲ್ಲ ತೊಟ್ಟಿಲು ಮಾಡಿಕೊಟ್ಟರೂ ಅವರ ಸ್ವಂತ ತೊಲೆಗೆ ಒಂದೂ ತೂಗಲಿಲ್ಲ. ಅಣ್ಣನ ತಬ್ಬಲಿ ಮಗಳನ್ನು ತಂದು ಸಾಕಿದರು, ಓದಿಸಿದರು. ಆ ಮಗಳೇ ಅನ್ನಪೂರ್ಣಾ. ಯಾವ ಕಾಲದಲ್ಲೋ ರಕ್ತಕ್ಕೆ ಸೇರಿದ ವೈರಸ್ಸು ಒಳಗೊಳಗೇ ಕಾಕಾನ ಯಕೃತ್ತನ್ನು ಹಾಳು ಮಾಡಿತ್ತು. ಬೀಗರು ಬಿಜ್ಜರು ಮಾತ್ರ, ಕುಡೀತಿದ್ದಿರಬೇಕು ಎಂದು ಮೂಗು ಮುರಿದರು. ಅದೊಂದು ಮಾತು ಅವರಿಗೆ ರೋಗಕ್ಕಿಂತ ಹೆಚ್ಚು ನೋವು ಕೊಟ್ಟಿತಂತೆ.

ಶಸ್ತ್ರಕ್ರಿಯೆಯಲ್ಲಿ ತೆಗೆದ ಗಡ್ಡೆಯ ಒಂದು ಚೂರನ್ನು, ನನ್ನ ಮಗಳ ಕೆಲಸಕ್ಕೆ ಇರಲಿ ಎಂದು ಅವರೇ ಒಪ್ಪಿ ಕೊಟ್ಟರು. ಹಾಗೆ ಅವರು ಸ್ವಲ್ಪ ಸ್ವಲ್ಪವಾಗಿ ನನ್ನೊಳಗೆ ಬಂದರು. ತಟ್ಟೆಯ ತಳದಲ್ಲಿ ಕೋಶಗಳು ಹಾಸುಗಲ್ಲಿನ ಹಾಗೆ ಒತ್ತೊತ್ತಾಗಿ ಕೂತವು. ಮೇಲೆ ಗುಲಾಬಿ ಬಣ್ಣದ ರಸ, ಅದು ಅವುಗಳ ಊಟ. ಅನ್ನಪೂರ್ಣಾ ಮೇಲಿನ ಸಾಲಿನ ತಟ್ಟೆಗಳಿಗೆ ಬರೀ ಊಟ ಕೊಟ್ಟು, ಕೆಳಗಿನ ಸಾಲಿನವುಗಳ ಊಟದಲ್ಲಿ 'ಸಾಕು' ಎಂಬ ಆ ಸಂದೇಶದ ಹನಿಯನ್ನೂ ಸೇರಿಸಿದರು. ಕೋಶಗಳು ಹೇಳಿದ ಮಾತು ಕೇಳಿ ಬೆಳವಣಿಗೆ ನಿಲ್ಲಿಸಿದವು. ಅವರ ಗದ್ದದ ಗುಳಿ ಇನ್ನೂ ಆಳವಾಯಿತು. ಇಲ್ಲಿ ಕೇಳುವ ಮಾತು ಕಾಕಾನ ಮೈಯಲ್ಲಿ ಯಾಕೆ ಕೇಳಲಿಲ್ಲ?

ಅಷ್ಟರಲ್ಲಿ ಕಾಕಾನಿಗೆ ಜ್ವರ ಹತ್ತಿತು, ಗಡ್ಡೆ ಮರಳಿ ಬಂದಿತ್ತು. ಅನ್ನಪೂರ್ಣಾ ಆಸ್ಪತ್ರೆಯಲ್ಲೇ ಉಳಿದರು. ನನ್ನ ಜವಾಬ್ದಾರಿ ನಾಗವೇಣಿ ಎಂಬ ವಿದ್ಯಾರ್ಥಿನಿಯ ಮೇಲೆ ಬಿತ್ತು. ನವಲಗುಂದದ ಕಡೆಯ ಹುಡುಗಿ, ಮನೆಯಲ್ಲಿ ಎಮ್ಮೆ ಮೇಕೆಗಳ ನಡುವೆ ಬೆಳೆದವಳು. ಒಂದು ಮಧ್ಯಾಹ್ನ ಅವಳು ಫೋನನ್ನು ನನ್ನ ನೆತ್ತಿಯ ಮೇಲಿಟ್ಟು ಮಾತಾಡಿದಳು. ಆ ಕಡೆಯಿಂದ ಅನ್ನಪೂರ್ಣಾರ ದನಿ ಅವಸರದಲ್ಲಿತ್ತು.

"ಕೆಳಗಿನ ಪ್ಲೇಟು ಸಾಕು, ನಾಗವೇಣಿ. ಮ್ಯಾಲಿನವು ನಾ ಬಂದ ಮ್ಯಾಲ ನೋಡೂಣು."

"ಹೂಂ ರೀ ಮೇಡಂ."

ಫೋನು ಕಟ್ಟಾಯಿತು. ಕೆಳಗಿನ ತಟ್ಟೆಗಳ ಕೆಲಸ ಮುಗಿಯಿತು, ಇನ್ನು ತೆಗೆದುಬಿಡು ಎಂದು ಅವರು ಹೇಳಿದ್ದು. ನಾಗವೇಣಿ ಕೇಳಿಸಿಕೊಂಡದ್ದು ಬೇರೆ. ಅವಳು ಆ ತಟ್ಟೆಗಳಿಗೆ ತಪ್ಪದೆ ಊಟ ಹಾಕಿದಳು, ಮೊದಲಿನಂತೆ ಸಂದೇಶದ ಹನಿಯನ್ನೂ ಸೇರಿಸಿದಳು. ಎಮ್ಮೆಯ ಕರುವನ್ನು ನೋಡಿಕೊಂಡಷ್ಟೇ ಅಕ್ಕರೆಯಿಂದ ನೋಡಿಕೊಂಡಳು. ಹೋಗುವಾಗ ನನ್ನ ಬಾಗಿಲನ್ನೂ ಒಮ್ಮೆ ತಳ್ಳಿ ನೋಡುತ್ತಿದ್ದಳು, ಅದಕ್ಕಾಗಿ ಅವಳೆಂದರೆ ನನಗೆ ಪ್ರೀತಿ.

ನನ್ನೊಳಗೆ ಏನೋ ನಡೆಯುತ್ತಿದೆ ಎಂದು ನನಗೆ ಜೊಂಪಿನಲ್ಲೇ ತಿಳಿಯಿತು. ಸುಮ್ಮನೆ ಕೂತಿದ್ದ ಕೋಶಗಳು ಮಗ್ಗುಲು ಬದಲಿಸಿದವು. ಉದ್ದುದ್ದಕ್ಕೆ ಚಾಚಿಕೊಂಡವು, ಪಕ್ಕದವರ ಕೈ ಬಿಟ್ಟು ನಡೆಯತೊಡಗಿದವು. ಹಬೆಯಲ್ಲಿ ನಾನು ಕನಸು ಕಂಡೆ: ಎಲ್ಲೋ ಒಂದು ದನಿ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುತ್ತಿದೆ, ಕೇಳುವವರು ಒಬ್ಬೊಬ್ಬರಾಗಿ ಎದ್ದು ಹೊರಡುತ್ತಿದ್ದಾರೆ.

ಅನ್ನಪೂರ್ಣಾ ವಾಪಸು ಬಂದವರು ಕೆಳಗಿನ ತಟ್ಟೆಗಳನ್ನು ಕಂಡು ದಂಗಾದರು.

"ಇವು ಇನ್ನೂ ಯಾಕ ಅದಾವು? ಸಾಕು ಅಂದಿದ್ದೆನಲ್ಲ."

"ಸಾಕು ಅಂದ್ರಲ್ರಿ," ಎಂದಳು ನಾಗವೇಣಿ. "ಸಾಕಿದೆ."

ಅನ್ನಪೂರ್ಣಾರಿಗೆ ಸಿಟ್ಟು ಬಂತು. ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಬಹಳ ಹೊತ್ತು ನೋಡಿದರು. ನನ್ನ ಬಾಗಿಲು ಅಷ್ಟೂ ಹೊತ್ತು ಹಾರುಹೊಡೆದಿತ್ತು, ನನಗೆ ಮೈ ತಣ್ಣಗಾಗುತ್ತಿತ್ತು, ಅಂದು ಮಾತ್ರ ನಾನು ಗೊಣಗಲಿಲ್ಲ.

"ಕಾಕಾನ ಮೈಯಾಗ ಇವಕ್ಕ ಮಾತು ಕೇಳಿಸಿಲ್ಲ ಅಂತ ತಿಳಿದಿದ್ದೆ, ನಾಗವೇಣಿ," ಎಂದರು ಕೊನೆಗೆ. "ಕೇಳಿಸೇತಿ. ನಿನ್ನಂಗ ಕೇಳಿಸಿಕೊಂಡಾವು."

ಮೊದಮೊದಲು ಆ ಸಂದೇಶ ಬೆಳವಣಿಗೆಯನ್ನು ನಿಲ್ಲಿಸುತ್ತದೆ. ಬಿಡದೆ ಹೇಳುತ್ತ ಹೋದರೆ, ಅದೇ ಮಾತು ಕೋಶಗಳನ್ನು ಸಾಕಿ, ಕೈಕಾಲು ಬಲಿಸಿ, ಊರೂರು ಅಲೆಯಲು ಕಳಿಸುತ್ತದೆ. ಕಾಕಾನ ಯಕೃತ್ತು ವರ್ಷಗಟ್ಟಲೆ ಸಾಕು ಸಾಕು ಎಂದು ಒಳಗೇ ಕೂಗಿಕೊಂಡಿತ್ತು, ಪಾಪ.

ಒಂದು ಮುಂಜಾನೆ ಕಾಕಾನೇ ನನ್ನನ್ನು ನೋಡಲು ಬಂದರು. ಕಣ್ಣು ಹಳದಿ, ಹೊಟ್ಟೆ ಉಬ್ಬಿತ್ತು, ಕೈ ಮಾತ್ರ ಇನ್ನೂ ಬಡಿಗನ ಕೈ. ಕುರ್ಚಿಯಲ್ಲಿ ಕೂತಿದ್ದರಿಂದ ಅವರ ಮುಖ ನನ್ನ ಎತ್ತರಕ್ಕೇ ಇತ್ತು. ನನ್ನನ್ನು ಹಾಗೆ ಸರಿಸಮ ನೋಡಿದವರು ಅವರೊಬ್ಬರೇ. ಬಾಗಿಲನ್ನು ಅಲ್ಲಾಡಿಸಿ ನೋಡಿ, ತಿರುಪುಳಿ ಕೇಳಿ ಪಡೆದು, ಸಡಿಲಾಗಿದ್ದ ಕೀಲಿನ ತಿರುಗಣೆಯನ್ನು ಬಿಗಿ ಮಾಡಿದರು. ಬಾಗಿಲು ಸದ್ದಿಲ್ಲದೆ ಕೂತಿತು. ಜನ್ಮದಲ್ಲಿ ಅಂಥ ಸುಖ ನಾನು ಕಂಡಿರಲಿಲ್ಲ.

"ಇದೂ ಒಂದ ತೊಟ್ಟಿಲನ ಬಿಡು," ಎಂದರು ಕಾಕಾ. "ತೂಗೂದೊಂದಿಲ್ಲ, ಅಷ್ಟ."

ಅನ್ನಪೂರ್ಣಾ ನನ್ನ ಬಾಗಿಲ ಗಾಜಿನಾಚೆ ತಟ್ಟೆಗಳನ್ನು ತೋರಿಸಿದರು.

"ನಿನ್ನ ನಾ ಸಾಕಿದೆ. ನನ್ನ ಹೊಟ್ಟ್ಯಾಗಿಂದನ್ನ ನೀ ಸಾಕಾಕತ್ತಿ," ಎಂದು ಕಾಕಾ ನಕ್ಕರು. "ಅಂದ್ರ ಇದು ನಿನ್ನ ತಮ್ಮ ಆತಲ್ಲ."

"ಭಾಳ ಉಂಡಾಡಿ ತಮ್ಮ, ಕಾಕಾ. ಹೇಳಿದ್ದನ್ನ ಉಲ್ಟಾ ತಿಳಕೋತಾನ."

ನಾಗವೇಣಿಯ ಕಥೆ ಕೇಳಿ ಅವರು ಕೆಮ್ಮು ಬರುವಷ್ಟು ನಕ್ಕರು. ಆಮೇಲೆ ಅನ್ನಪೂರ್ಣಾ ಮೊಣಕಾಲೂರಿ ಅವರ ಮುಂದೆ ಕೂತರು. ಆಗ ನಾನು ಮೊದಲ ಸಲ ಅವರ ಮುಖ ಪೂರ್ತಿಯಾಗಿ ನೋಡಿದೆ. ಕಣ್ಣಲ್ಲಿ ನೀರಿತ್ತು.

"ಡಾಕ್ಟರು ಇನ್ನೊಂದು ಔಷಧಿ ಹೇಳ್ಯಾರ, ಕಾಕಾ. ತ್ರಾಸ ಆಗತೈತಿ, ಖರೆ. ಆದ್ರ ತಗೋ. ಇಷ್ಟು ದೂರ ಬಂದೀನಿ. ಇವನ್ನ ಇನ್ನಷ್ಟು ದಿನ ಸಾಕಿ ನೋಡಿದ್ರ, ಮಾತು ಎಲ್ಲಿ ತಿರುಗಿ ಉಲ್ಟಾ ಆಗತೈತಿ ಅಂತ ಗೊತ್ತಾದೀತು. ನನಗ ಟೈಮು ಬೇಕು."

ಕಾಕಾ ಒಂದು ಅಂಗೈಯನ್ನು ನನ್ನ ಗಾಜಿನ ಮೇಲಿಟ್ಟಿದ್ದರು. ಇನ್ನೊಂದು ಕೈ ಮಗಳ ತಲೆಯ ಮೇಲಿತ್ತು.

"ಸಾಕವ್ವಾ," ಎಂದರು.

ಅಷ್ಟೇ. ಅನ್ನಪೂರ್ಣಾ ಅವರ ಮಡಿಲಲ್ಲಿ ಮುಖವಿಟ್ಟು ಅತ್ತರು. ಔಷಧಿ ಬೇಡ ಎಂದರು ಎಂದು ಎಲ್ಲರೂ ತಿಳಿದರು, ಔಷಧಿ ಕೊಡಲೂ ಇಲ್ಲ. ಆದರೆ ಅಂಗೈ ಇದ್ದದ್ದು ನನ್ನ ಮೇಲೆ. ಅದರ ಬಿಸಿ ನನ್ನ ಬಿಸಿಯಷ್ಟೇ ಇತ್ತು. ಗಾಜಿನ ಯಾವ ಬದಿಯಲ್ಲಿ ಯಾರಿದ್ದಾರೆ ಎಂಬುದೇ ಆ ಗಳಿಗೆಯಲ್ಲಿ ನನಗೆ ಮರೆತುಹೋಗಿತ್ತು.

ಕಾಕಾ ತೀರಿಕೊಂಡ ಮೇಲೆ ಅನ್ನಪೂರ್ಣಾ ಕೆಲಸಕ್ಕೆ ಬಂದ ದಿನ, ನಾಗವೇಣಿ ನನ್ನ ಬಾಗಿಲು ತೆರೆದು ನಿಂತಿದ್ದಳು. ಇವನ್ನು ಏನು ಮಾಡಲಿ ಎಂದು ಕೇಳಿದಳು. ಕಾಕಾನನ್ನು ಕೊಂದವೂ ಅವೇ, ಕಾಕಾನದೆಂದು ಜೀವಂತ ಉಳಿದವೂ ಅವೇ.

"ಸಾಕು," ಎಂದರು ಅನ್ನಪೂರ್ಣಾ.

ನಾಗವೇಣಿ ಈ ಸಲ ಕೈ ತಡೆದಳು. "ಯಾವ ಸಾಕು, ಮೇಡಂ?"

ಅವರು ಒಂದು ತಟ್ಟೆಯನ್ನು ಬೆಳಕಿಗೆ ಹಿಡಿದರು. "ಕಾಕಾ ಯಾವ್ದು ಅಂದಾನಂತ ನನಗ ಇನ್ನೂ ತಿಳಿದಿಲ್ಲ," ಎಂದರು. "ತಿಳಿಯೂತನಕ ಊಟ ಹಾಕು."

ಹಾಗೆ ಅವು ನನ್ನಲ್ಲಿ ಬೆಳೆದವು. ಮಾತು ತಿರುವು ತೆಗೆದುಕೊಳ್ಳುವ ಜಾಗ ಸ್ವಲ್ಪ ಸ್ವಲ್ಪವಾಗಿ ಸಿಕ್ಕಿತು. ಅಲ್ಲಿ ಅಡ್ಡ ನಿಲ್ಲುವ ಔಷಧಿಯನ್ನು ಈಗ ಬೇರೆ ಬೇರೆ ಊರುಗಳಲ್ಲಿ ಹುಡುಕುತ್ತಿದ್ದಾರಂತೆ. ಕಾಕಾನ ಕೋಶಗಳು ಮಂಜುಗಡ್ಡೆಯಲ್ಲಿ ಹೆಪ್ಪುಗಟ್ಟಿ ಮಲಗಿಕೊಂಡೇ ಆ ಊರುಗಳಿಗೆ ಹೋದವು. ಕಲಘಟಗಿ ಬಿಟ್ಟು ಹೆಚ್ಚು ತಿರುಗದ ಮನುಷ್ಯ ಈಗ ಎಲ್ಲೆಲ್ಲಿ ಇದ್ದಾರೋ.

ನನಗೂ ವಯಸ್ಸಾಯಿತು. ಬಿಸಿ ಒಮ್ಮೆ ಏರುತ್ತಿತ್ತು, ಒಮ್ಮೆ ಇಳಿಯುತ್ತಿತ್ತು, ನನ್ನನ್ನು ನಂಬುವಂತಿರಲಿಲ್ಲ. ತಟ್ಟೆಗಳನ್ನು ಹೊಸ ಪೆಟ್ಟಿಗೆಗೆ ಸಾಗಿಸಿ ನನ್ನನ್ನು ಮೆಟ್ಟಿಲ ಕೆಳಗೆ ಇಟ್ಟರು. ಅಲ್ಲಿ ಹಬೆಯಿಲ್ಲದೆ ನಿದ್ದೆ ಮಾಡುವುದನ್ನು ಕಲಿತೆ. ಇವತ್ತು ಗುಜರಿಯವರ ಟೆಂಪೋ ಬಂತು. ಅನ್ನಪೂರ್ಣಾ ಕೆಳಗಿಳಿದು ಬಂದರು, ಕೂದಲು ಪೂರಾ ಬೆಳ್ಳಗಾಗಿದೆ. ನನ್ನ ಬಾಗಿಲನ್ನು ಒಮ್ಮೆ ತೆರೆದು ಹಾಕಿದರು. ಅದು ಸದ್ದಿಲ್ಲದೆ ಕೂತಿತು. ಕಾಕಾ ಬಿಗಿದ ತಿರುಗಣೆ ಇನ್ನೂ ಸಡಿಲಾಗಿಲ್ಲ. ಅವರು ಅದೇ ಗಾಜಿನ ಮೇಲೆ, ಅದೇ ಜಾಗದಲ್ಲಿ ಅಂಗೈ ಇಟ್ಟರು.

"ಸಾಕಿದ್ದು ಸಾಕು," ಎಂದರು ಮೆಲ್ಲಗೆ. ನನಗೆ ಹೇಳಿದರೋ, ತಮಗೇ ಹೇಳಿಕೊಂಡರೋ. ಎರಡೂ ಮಾತು ಒಂದರ ಪಕ್ಕ ಒಂದು ಕೂತಿದ್ದವು, ಅವರ ಗದ್ದದಲ್ಲಿ ಗುಳಿ ಇರಲಿಲ್ಲ.

ಈಗ ಟೆಂಪೋ ಹೊರಟಿದೆ. ಧಾರವಾಡದ ರಸ್ತೆಯ ಗುಂಡಿಗಳು ನಿಮಗೆ ಗೊತ್ತೇ ಇದೆ. ಗಾಡಿ ಅತ್ತ ವಾಲುತ್ತದೆ, ಇತ್ತ ವಾಲುತ್ತದೆ, ನನಗೆ ಮತ್ತೆ ಜೊಂಪು ಹತ್ತುತ್ತಿದೆ. ತೂಗುವುದೊಂದಿಲ್ಲ ಅಂದಿದ್ದಿರಲ್ಲ, ಕಾಕಾ. ನೋಡಿ, ತೂಗುತ್ತಿದೆ.